ಪರೀಕ್ಷೆ ‘ಪುಟ್ ಆಫ್’ ಆಯ್ತೋ, ‘ಕಾಲ್ ಆಫ್’ ಆಯ್ತೋ?

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷಿನಲ್ಲಿ ಕೈಕೊಡುವುದು ಉದ್ದುದ್ದದ ಪದಗಳಲ್ಲ. ಪುಟ್, ಗೆಟ್, ಲುಕ್‌ನಂಥ ಪುಟಾಣಿ ಕ್ರಿಯಾಪದಗಳು. ಬೆನ್ನಿಗೆ ಒಂದು ಆಫ್, ಆನ್, ಔಟ್ ಅಂಟಿಕೊಂಡಿತೋ, ಅರ್ಥವೇ ಬೇರೆ. ಇವೇ ಫ್ರೇಸಲ್ ವರ್ಬ್‌ಗಳು. ಉದ್ದನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡುವುದನ್ನು ಮೊದಲು ಬಿಡಿ. ನಿಮಗೆ ಗೊಂದಲವಾಗುವ ಜೋಡಿಗಳನ್ನಷ್ಟೇ ಹಿಡಿಯಿರಿ.

ಮೊದಲ ಹೆಜ್ಜೆ: ಒಂದೇ ಸಂದರ್ಭಕ್ಕೆ ಎಲ್ಲವನ್ನೂ ಹಚ್ಚಿ ನೋಡಿ. ಪರೀಕ್ಷೆಯನ್ನೇ ತಗೊಳ್ಳಿ. ‘ಪುಟ್ ಆಫ್’ ಆಗಿದ್ದರೆ ಮುಂದಕ್ಕೆ ಹೋಗಿದೆ, ಓದು ನಿಲ್ಲಿಸುವಂತಿಲ್ಲ. ‘ಕಾಲ್ಡ್ ಆಫ್’ ಆಗಿದ್ದರೆ ರದ್ದು. ಬ್ಯಾಗು ಹೆಗಲಿಗೇರಿಸಿ ಹಾವೇರಿ ಬಸ್ಸು ಹಿಡಿಯಬಹುದು. ‘ಬ್ರಾಟ್ ಫಾರ್ವರ್ಡ್’ ಎಂದಿದ್ದರೆ ಮಾತ್ರ ಹುಷಾರು. ಫಾರ್ವರ್ಡ್ ಅಂದಾಕ್ಷಣ ಮುಂದಕ್ಕೆ ಹೋಯಿತು ಎಂದುಕೊಳ್ಳುವವರೇ ಹೆಚ್ಚು. ಆಗಿದ್ದು ಅದಕ್ಕೆ ಉಲ್ಟಾ: 20ಕ್ಕಿದ್ದ ಪರೀಕ್ಷೆ 15ಕ್ಕೇ ಬಂದಿದೆ!

ಎರಡನೆಯದು, ದಿನಾ ಮಾಡುವ ಕೆಲಸಕ್ಕೆ ಜೋಡಿಸಿ. ಹುಬ್ಬಳ್ಳಿಗೆ ಹೋಗಲು ಚಿಗರಿ ಬಸ್ಸು ಹತ್ತಿದರೆ ‘ಗೆಟ್ ಆನ್’, ಇಳಿದರೆ ‘ಗೆಟ್ ಆಫ್’. ರೈಲು, ಸೈಕಲ್ಲಿಗೂ ಅವೇ. ಬಗ್ಗಿ ಒಳಹೊಕ್ಕು ಕೂರುವ ಆಟೊ, ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಗೆಟ್ ಔಟ್ ನಮ್ಮ ಕಿವಿಗೆ ಬೈಗುಳದಂತೆ ಕೇಳುತ್ತದೆ, ನಿಜ. ಆದರೆ ‘ಐ ಗಾಟ್ ಔಟ್ ಆಫ್ ದಿ ಆಟೊ’ ಎಂದರೆ ಬರೀ ಇಳಿದ ಸುದ್ದಿ.

ಮೂರನೆಯದರಲ್ಲೇ ಅಂಕ ಹೋಗುವುದು: ‘ಇಟ್’ ಎಲ್ಲಿ ಕೂರಬೇಕು? ‘ಪುಟ್ ಆಫ್ ದಿ ಎಕ್ಸಾಮ್’, ‘ಪುಟ್ ದಿ ಎಕ್ಸಾಮ್ ಆಫ್’ ಎರಡೂ ಸರಿ. ಎಕ್ಸಾಮ್ ಬದಲು ಇಟ್ ಬಂದರೆ ಅದಕ್ಕೆ ನಡುವಿನ ಜಾಗವೇ ಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಹಾಗಂತ ಎಲ್ಲವನ್ನೂ ಸೀಳಬೇಡಿ. ಕಳೆದ ಹಾಲ್ ಟಿಕೆಟ್ ಹುಡುಕುವ ‘ಲುಕ್ ಫಾರ್’, ತಮ್ಮನನ್ನು ನೋಡಿಕೊಳ್ಳುವ ‘ಲುಕ್ ಆಫ್ಟರ್’, ದೂರು ಬಂದಾಗ ವಿಚಾರಿಸುವ ‘ಲುಕ್ ಇಂಟು’ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ‘ಲುಕ್ ಫಾರ್ ಇಟ್’ ಎಂದೇ ಬರೆಯಬೇಕು.

ಯಾವುದು ಸೀಳುತ್ತದೆ, ಯಾವುದು ಇಲ್ಲ ಎಂಬುದಕ್ಕೆ ಊಹೆ ಬೇಡ. ಇಂಗ್ಲಿಷ್ ಕಲಿಯುವವರಿಗೆಂದೇ ಇರುವ ನಿಘಂಟು ತೆರೆಯಿರಿ. ‘ಪುಟ್ ಸಮ್‌ಥಿಂಗ್ ಆಫ್’ ಎಂದು ಸಮ್‌ಥಿಂಗ್ ನಡುವೆ ಇದ್ದರೆ ಸೀಳಬಹುದು. ‘ಲುಕ್ ಆಫ್ಟರ್ ಸಮ್‌ಬಡಿ’ ಎಂದು ಕೊನೆಗಿದ್ದರೆ ಇಲ್ಲ. ನೋಟ್ಸಿನಲ್ಲೂ ಸಮ್‌ಥಿಂಗ್ ಸಮೇತವೇ ಇಳಿಸಿಕೊಳ್ಳಿ.