ಕಾಡುಬಸಳೆಯ ರಾತ್ರಿಪಾಳಿ: ಅರಿಶಿನ, ಸುಣ್ಣದಿಂದ ಅಳೆಯುವ ಬಗೆ

ಬೇಸಿಗೆಯ ಮಧ್ಯಾಹ್ನ ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳು ಕಾದ ಹೆಂಚಿನಂತಾದಾಗ ಓತಿಕ್ಯಾತ ಕಲ್ಲಿನ ಸಂದಿಗೆ ಸರಿದುಕೊಳ್ಳುತ್ತದೆ. ಬೇರುಬಿಟ್ಟು ನಿಂತ ಗಿಡಕ್ಕೆ ಆ ಅನುಕೂಲವಿಲ್ಲ. ಎಲೆಯ ಸೂಕ್ಷ್ಮ ರಂಧ್ರಗಳು ತೆರೆಯದಿದ್ದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬಾರದು, ಹಗಲಿನಲ್ಲಿ ತೆರೆದರೆ ನೀರೆಲ್ಲ ಆವಿಯಾಗಿ ಹೋಗುತ್ತದೆ. ಪಾಪಾಸುಕಳ್ಳಿ, ಕತ್ತಾಳೆ, ಲೋಳೆಸರ, ಕಾಡುಬಸಳೆಗಳು ಈ ಇಕ್ಕಟ್ಟಿನಿಂದ ಪಾರಾಗುವುದು ಕೆಲಸವನ್ನು ಎರಡು ಪಾಳಿಗಳಾಗಿ ಹಂಚಿಕೊಂಡು: ತಂಪಾದ ರಾತ್ರಿಯಲ್ಲಿ ರಂಧ್ರ ತೆರೆದು, ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ರಂಧ್ರ ಮುಚ್ಚಿಕೊಂಡು ಆ ದಾಸ್ತಾನಿನಿಂದಲೇ ಸಕ್ಕರೆ ತಯಾರಿಸುತ್ತವೆ. ಹೀಗಾಗಿ ಅವುಗಳ ಎಲೆ ಬೆಳಗ್ಗೆ ಹುಳಿ, ಸಂಜೆಗೆ ಸಪ್ಪೆ.

ಇದನ್ನು ನಾಲಿಗೆಯಿಂದಲೇ ಕಂಡುಕೊಂಡವರು ಒಂದು ಕಾಲದಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇನ್. ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿದ್ದು, ಮಧ್ಯಾಹ್ನಕ್ಕೆ ರುಚಿ ಕಳೆದುಕೊಳ್ಳುವುದನ್ನು ತಿಳಿಸಿದ ಅವರ ಪತ್ರ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಪ್ರಕಟವಾಯಿತು. ನಾವು ಅವರಂತೆ ಎಲೆ ಜಗಿಯುವುದು ಬೇಡ; ಅದರಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳಿವೆ. ಆರತಿಯ ಓಕುಳಿಗೆ ಬಳಸುವ ಅರಿಶಿನ, ಸುಣ್ಣಗಳೇ ಸಾಕು.

ಹಿಂದಿನ ರಾತ್ರಿ ಒಂದು ಚಮಚ ಎಲೆಅಡಿಕೆಯ ಸುಣ್ಣವನ್ನು ಒಂದು ಲೋಟ ನೀರಿನಲ್ಲಿ ಕದಡಿ ಮುಚ್ಚಿಡಿ. ಬೆಳಗ್ಗೆ ಮೇಲೆ ನಿಂತ ತಿಳಿಯನ್ನಷ್ಟೇ ಬಗ್ಗಿಸಿ, ಮುಚ್ಚಳವಿರುವ ಸೀಸೆಯಲ್ಲಿ ಇಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದು ಲೆಕ್ಕ ಕೆಡಿಸುವುದರಿಂದ ಎಲ್ಲದಕ್ಕೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಬೇಕು.

ಸೂರ್ಯ ಮೇಲೇರುವ ಮುನ್ನ ಬಲಿತ ಎಲೆಗಳನ್ನು ಕಿತ್ತು 10 ಗ್ರಾಂ ತೂಗಿರಿ. ಚಿಗುರೆಲೆ ಬೇಡ, ಏಕೆಂದರೆ ಈ ರಾತ್ರಿಪಾಳಿ ಎಲೆ ಬಲಿತಂತೆಲ್ಲ ಚುರುಕಾಗುತ್ತದೆ. ತಡಮಾಡದೆ ಅರೆದು, ಅರ್ಧ ಲೋಟ ನೀರು ಬೆರೆಸಿ, ತೆಳುಬಟ್ಟೆಯಲ್ಲಿ ಸೋಸಿ, ಚಿಟಿಕೆ ಅರಿಶಿನ ಹಾಕಿ. ಬಳಿಕ ಸೂಜಿಯಿಲ್ಲದ ಸಿರಿಂಜಿನಿಂದ ಸುಣ್ಣದ ತಿಳಿಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತ ಕಲಕಿರಿ. ಮೊದಮೊದಲು ಕಾಣಿಸುವ ಕೆಂಪು ಕಲಕಿದೊಡನೆ ಅಳಿಸಿಹೋಗುತ್ತದೆ; ಆಮ್ಲ ಇನ್ನೂ ಮುಗಿದಿಲ್ಲವೆಂದು ತಿಳಿಯಿರಿ. ಕೆಂಪು ನಿಂತೊಡನೆ, ಎಷ್ಟು ಮಿಲಿಲೀಟರ್ ಹಿಡಿಯಿತೆಂದು ಬರೆದಿಡಿ. ಹಸಿರು ರಸದಲ್ಲಿ ಆ ಬಣ್ಣ ಕಂದಿದ ಇಟ್ಟಿಗೆಯಂತೆ ಕಾಣುವುದು ಸಹಜ.

ಅಂದೇ ಸಂಜೆ 4ರ ಹೊತ್ತಿಗೆ ಅದೇ ಗಿಡದ, ಅದೇ ಬಗೆಯ ಎಲೆಗಳನ್ನು ಅಷ್ಟೇ ತೂಕಕ್ಕೆ ತೆಗೆದುಕೊಂಡು ಮೊದಲಿನಂತೆಯೇ ಮಾಡಿ. ಈ ಸಲ ಸುಣ್ಣದ ತಿಳಿ ಬಹಳ ಕಡಿಮೆ ಸಾಕಾಗುತ್ತದೆ. ಎರಡು ಅಳತೆಗಳ ವ್ಯತ್ಯಾಸವೇ ಗಿಡ ಹಗಲಿನಲ್ಲಿ ಕರಗಿಸಿದ ದಾಸ್ತಾನು. ಮೋಡ ಕವಿದ ದಿನ ಫಲಿತಾಂಶ ಮಂಕಾಗಿರುತ್ತದೆ, ಆಮ್ಲ ಕರಗಲು ಬಿಸಿಲು ಬೇಕು. ಹೊಂಗೆಯ ಎಲೆಗೂ ಇದನ್ನೇ ಮಾಡಿ ನೋಡಿದರೆ ಬೆಳಗು, ಸಂಜೆಗಳ ನಡುವೆ ಅಂಥ ಅಂತರ ಸಿಗದು.

ಸುಣ್ಣದ ತಿಳಿ ಕಣ್ಣಿಗೆ ಸಿಡಿಯದಂತೆ ಎಚ್ಚರವಹಿಸಿ. ಮಕ್ಕಳೊಂದಿಗೆ ದೊಡ್ಡವರೊಬ್ಬರು ಇರಲಿ. ಪಾಪಾಸುಕಳ್ಳಿಯನ್ನೂ ಪರೀಕ್ಷಿಸುವ ಆಸೆಯಿದ್ದರೆ ಬರಿಗೈಯಲ್ಲಿ ಮುಟ್ಟದೆ ಇಕ್ಕಳದಿಂದ ಹಿಡಿಯಿರಿ: ದೊಡ್ಡ ಮುಳ್ಳಿಗಿಂತ ಅದರ ಬುಡದಲ್ಲಿರುವ ಸುಂಕಿನಂಥ ಮುಳ್ಳುಗಳೇ ಚರ್ಮದಲ್ಲಿ ಉಳಿದು ದಿನಗಟ್ಟಲೆ ಕಾಡುತ್ತವೆ.