ಊರಿನಲ್ಲಿ ಎಐ ಬಗ್ಗೆ ಸಂಶೋಧನೆ ಮಾಡುವುದು ಹೇಗೆ?

ನಾನು ಕಾಸರಗೋಡಿನವಳು, ಸಮಾಜಶಾಸ್ತ್ರದ ಸಂಶೋಧಕಿ. ಎಐ ಜನರ ಬದುಕಿನಲ್ಲಿ ಏನು ಬದಲಿಸಿದೆ ಎಂದು ತಿಳಿಯಬೇಕಾ? "ಎಐ ಬಳಸುತ್ತೀರಾ?" ಎಂದು ಶುರು ಮಾಡಬೇಡಿ. ಇಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯಿತು ಅಲ್ವಾ? "ನಿನ್ನೆ ಮೊಬೈಲಿನಲ್ಲಿ ಏನೇನು ಮಾಡಿದಿರಿ?" ಎಂದು ಕೇಳಿ. ಅಡಿಕೆ ಸೋಗೆಯ ಎಲೆಚುಕ್ಕಿ ರೋಗದ ಫೋಟೋ ಆ್ಯಪ್‌ಗೆ ಹಾಕಿದ್ದು, ಯೂಟ್ಯೂಬ್ ತಾನಾಗಿ ತೋರಿಸಿದ ವಿಡಿಯೋ, ಎಲ್ಲ ಹೊರಬರುತ್ತದೆ. ಆಮೇಲಿನ ಪ್ರಶ್ನೆಯೇ ನನಗೆ ಜಾಸ್ತಿ ಮುಖ್ಯ: ಆ್ಯಪ್ ಕೊಟ್ಟ ಉತ್ತರವನ್ನು ನಂಬಿದಿರಾ? ಮತ್ತೆ ಯಾರನ್ನು ಕೇಳಿದಿರಿ, ಕೃಷಿ ಭವನದವರನ್ನೋ ಪಕ್ಕದ ತೋಟದವರನ್ನೋ? ಜನರ ನಂಬಿಕೆ ಯಾರಿಂದ ಯಾರ ಕಡೆಗೆ ಸರಿಯುತ್ತಿದೆ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಅನುಮತಿ ಪಡೆದು ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಕೇರಳದ ಸೇವಾ ಕೇಂದ್ರ) ಒಂದು ಬೆಳಿಗ್ಗೆ ಸುಮ್ನೆ ಕೂತಿರಿ. ಯಾರು ಹೇಳುತ್ತಾರೆ, ಯಾರು ಟೈಪ್ ಮಾಡುತ್ತಾರೆ, ಮಲಯಾಳಂ ಫಾರ್ಮನ್ನು ಕನ್ನಡದವರಿಗೆ ಯಾರು ಓದಿ ಹೇಳುತ್ತಾರೆ ಎಂದು ಬರೆದುಕೊಳ್ಳಿ.

ಕನ್ನಡ, ತುಳು, ಮಲಯಾಳಂ ಬೆರೆತ ಮಾತಿನ ರೆಕಾರ್ಡಿಂಗನ್ನು ನೀವೇ ಕೇಳಿ ಬರೆಯಿರಿ. 2023ರ ಡೇಟಾ ಸಂರಕ್ಷಣೆ ಕಾಯ್ದೆ ಸಂಶೋಧನೆಗೆ ಷರತ್ತಿನ ಮೇಲೆ ವಿನಾಯಿತಿ ಕೊಡುತ್ತದೆ, ನಿಜ. ಆದರೂ ಮಾತಾಡಿದವರನ್ನು ಕೇಳದೆ ಆ ಧ್ವನಿಯನ್ನು ಯಾವ ಚಾಟ್‌ಬಾಟ್‌ಗೂ ಹಾಕಬೇಡಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಓದಿ ಹೇಳಿ. ಬರೆಯುವಾಗ ಹೆಸರಿನ ಜೊತೆ ಮನೆ ಹೆಸರನ್ನೂ ಬದಲಿಸಿ. ನಮ್ಮ ಕಡೆ ಒಬ್ಬರನ್ನು ಗುರುತು ಹಿಡಿಯಲು ಮನೆ ಹೆಸರೊಂದೇ ಸಾಕು.