ಮಳೆಗಾಲದಲ್ಲೇ ವೇಲ್ ಶಾರ್ಕ್ ನೋಡಿದ್ದು: ನನ್ನ ಅನುಭವ

ಜುಲೈನಲ್ಲಿ, ಅದೂ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್) ಇಲ್ಲದೆ, ಜಗತ್ತಿನ ಅತಿ ದೊಡ್ಡ ಮೀನಾದ ವೇಲ್ ಶಾರ್ಕ್ ನೋಡಿ ಬರುತ್ತೇನೆ ಎಂದಾಗ ಡೊಂಬಿವಲಿಯ ನಮ್ಮ ಕನ್ನಡ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. ‘ಸುಮ್ನೆ ಸಮುದ್ರಕ್ಕೆ ದುಡ್ಡು ಸುರೀತೀಯಾ’ ಎಂದರು. ಈಗ ಅವರೇ ರೂಟ್ ಕೇಳುತ್ತಿದ್ದಾರೆ.

ಅದಕ್ಕೂ ಮುಂಚೆ ದುಡ್ಡು ಹೋದದ್ದು ನಿಜ. ಗೋವಾದ ಗ್ರ್ಯಾಂಡ್ ಐಲ್ಯಾಂಡ್‌ನಲ್ಲಿ ನೀರು ಕಲಕಿ ನನ್ನ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ನನಗೇ ಕಾಣಲಿಲ್ಲ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಅಪರೂಪಕ್ಕೆ ಸಿಗುತ್ತದೆ, ಆದರೆ ಅದು ಲಾಟರಿ. ಒಬ್ಬ ಏಜೆಂಟ್ ‘ಗ್ಯಾರಂಟಿ’ ಎಂದು ಹದಿನೈದು ಸಾವಿರದಷ್ಟು ಮುಂಗಡ ತೆಗೆದುಕೊಂಡು, ಆಮೇಲೆ ಫೋನೇ ಎತ್ತಲಿಲ್ಲ. ಗುಜರಾತಿನ ವೆರಾವಲ್ ಹತ್ತಿರ ಅಲ್ವಾ ಅನ್ನುತ್ತೀರಿ. ಅಲ್ಲಿ ಮೀನು ಬರುತ್ತದೆ. ಮೊದಲು ಬೇಟೆಯಾಡುತ್ತಿದ್ದರು, 2001ರಲ್ಲಿ ಕಾನೂನಿನ ರಕ್ಷಣೆ ಬಂತು. ಈಗ ಸಿಕ್ಕಿಬಿದ್ದರೆ ಮೀನುಗಾರರೇ ಬಲೆ ಕತ್ತರಿಸಿ ಬಿಡುತ್ತಾರೆ, ಬಲೆಗೆ ಪರಿಹಾರವೂ ಇದೆ. ಆದರೆ ಈಜಿ ನೋಡುವ ಜಾಗ ಅದಲ್ಲ.

ಕೊನೆಗೆ ಕೈಹಿಡಿದದ್ದು ಮಾಲ್ಡೀವ್ಸ್‌ನ ಸೌತ್ ಆರಿ ಎಂಬ ಹವಳದ ದ್ವೀಪಗಳ ಗುಂಪು. ಅಲ್ಲಿ ವರ್ಷವಿಡೀ ಇರುತ್ತವೆ. ಹೆಚ್ಚಿನವು ಹರೆಯದ ಗಂಡುಗಳು, ಐದಾರು ಮೀಟರ್ ಉದ್ದ. ಹದಿನೆಂಟು ಮೀಟರಿನ ಆಸೆ ಇಟ್ಟುಕೊಂಡು ಹೋಗಬೇಡಿ. ರೆಸಾರ್ಟ್ ಬಿಟ್ಟು ಧಿಗುರಾ ದ್ವೀಪದ ಗೆಸ್ಟ್‌ಹೌಸ್ ಹಿಡಿದೆ. ಮಳೆಗಾಲ, ರೂಮು ಅರ್ಧ ಬೆಲೆಗೆ ಸಿಕ್ಕಿತು. ಮುಂಬೈನಿಂದ ವಿಮಾನ, ಬೋಟು, ಊಟ ಎಲ್ಲಾ ಸೇರಿ ಅರವತ್ತು ಸಾವಿರದೊಳಗೆ ಮುಗಿಯಿತು ಅಂತ ನೆನಪು. ನಮಗೆ ವೀಸಾ ಅಲ್ಲೇ ಪುಕ್ಕಟೆ.

ಬಿಸಿಲು ಬಿದ್ದ ಹೊತ್ತೇ ಮುಖ್ಯ. ಮೋಡವಿದ್ದರೆ ಬೋಟಿನ ಮೇಲಿಂದ ನೆರಳು ಕಾಣುವುದಿಲ್ಲ. ಕ್ರಾಫರ್ಡ್ ಮಾರ್ಕೆಟ್‌ನ ನಾನೂರು ರೂಪಾಯಿಯ, ನೀರಿನ ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ಚೆನ್ನಾಗಿ ಕೆಲಸ ಮಾಡಿತು. ಕ್ಯಾಮೆರಾಗೆ ಹಾಕಿದ ಕೆಂಪು ಫಿಲ್ಟರ್ ಮಾತ್ರ ದಂಡ, ಮೇಲ್ನೀರಿನಲ್ಲಿ ಎಲ್ಲಾ ಗುಲಾಬಿ.

ನೀರಿಗೆ ಬಿದ್ದ ಮೇಲೆ ಎಲ್ಲರೂ ಬಾಲದ ಹಿಂದೆ ಓಡುತ್ತಾರೆ. ಮೀನು ನಿಧಾನ ಅನಿಸುತ್ತದೆ, ಆದರೆ ಎರಡೇ ನಿಮಿಷದಲ್ಲಿ ಉಸಿರು ಹಾರಿಸುತ್ತದೆ. ನಾನು ಪಕ್ಕಕ್ಕೆ ಸರಿದು, ತಲೆಯ ನೇರಕ್ಕೆ ಬಂದು, ಕೈ ಆಡಿಸದೆ ಫಿನ್‌ನಲ್ಲಷ್ಟೇ ಈಜಿದೆ. ಬೇರೆಯವರು ಬೋಟು ಹತ್ತಿದ ಮೇಲೂ ನಾನು ಅದರ ಪಕ್ಕದಲ್ಲೇ ಇದ್ದೆ. ಇದಕ್ಕೆ ತಿಂಗಳುಗಟ್ಟಲೆ ಪೂಲ್‌ನಲ್ಲಿ ಫಿನ್ ಹಾಕಿ ಲ್ಯಾಪ್ ಹೊಡೆದಿದ್ದೆ, ಲೈಫ್‌ಗಾರ್ಡ್ ನಗುತ್ತಿದ್ದ. ಮುಳುಗಿದ ಮೀನು ಮತ್ತೆ ಎಲ್ಲಿ ಏಳುತ್ತದೆ ಎಂದು ಅಂದಾಜು ಮಾಡುವುದು ಹೇಗೆ? ಅದೊಂದನ್ನು ಇಲ್ಲಿ ಬರೆಯುವುದಿಲ್ಲ.

ಅಲ್ಲಿನ ನಿಯಮದಂತೆ ಮೀನಿನ ಮೈಯಿಂದ ಮೂರು ಮೀಟರ್, ಬಾಲದಿಂದ ನಾಲ್ಕು ಮೀಟರ್ ದೂರ ಇರಬೇಕು. ಮುಟ್ಟುವಂತಿಲ್ಲ, ಫ್ಲಾಶ್ ಇಲ್ಲ. ಪೂಲ್‌ನಲ್ಲಿ ಗಂಟು ಹಾಕಿದ ಹಗ್ಗ ಹಿಡಿದು ಈ ದೂರ ಅಳೆದು ನೋಡಿದ್ದೆ. ಮಾಸ್ಕಿನಲ್ಲಿ ವಸ್ತು ಕಾಲು ಭಾಗ ಹತ್ತಿರ ಕಾಣುತ್ತದೆ, ಗೋಪ್ರೋ ಕ್ಯಾಮೆರಾದ ಪರದೆಯಲ್ಲಿ ದೂರ. ಪರದೆ ನೋಡುತ್ತಾ ಈಜುವವರೇ ಮೀನಿಗೆ ಢಿಕ್ಕಿ ಹೊಡೆಯುವುದು.

ಫೋಟೋ ತೆಗೆದರೆ ಎಡ ಮಗ್ಗುಲಿನದು ಬೇಕು, ಕಿವಿರಿನ ಹಿಂದಿನ ಚುಕ್ಕೆಗಳು ಸ್ಪಷ್ಟವಾಗಿರಲಿ. ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ. ಖಗೋಳಶಾಸ್ತ್ರದಲ್ಲಿ ನಕ್ಷತ್ರಗಳ ಚಿತ್ರ ಹೊಂದಿಸುವ ಲೆಕ್ಕವನ್ನೇ ಈ ಚುಕ್ಕೆಗಳಿಗೆ ಬಳಸಿ ಸಂಶೋಧಕರು ಮೀನನ್ನು ಗುರುತಿಸುವುದುಂಟು. ನನ್ನವೂ ಕಳಿಸಿದ್ದೇನೆ. ಮತ್ತೆ, ವಾಂತಿ ಮಾತ್ರೆಯನ್ನು ಬೋಟು ಹತ್ತುವ ಒಂದು ಗಂಟೆ ಮುಂಚೆಯೇ ನುಂಗಿ. ಜುಲೈ ಅಲೆ ಕಡಿಮೆಯದ್ದಲ್ಲ.